ಶಾಲೆಯಲ್ಲಿ ಆರೋಗ್ಯ ಸಮೀಕ್ಷೆ: ರೋಲ್ ನಂಬರ್ ಬೇಡ, ಗೂಗಲ್ ಫಾರ್ಮೂ ಬೇಡ

ಪ್ರಶ್ನೆ: ನಾನು ಬ್ರಹ್ಮಾವರ ತಾಲೂಕಿನ ಅನುದಾನಿತ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ಎಂಟರಿಂದ ಹತ್ತರವರೆಗೆ ಆರು ಸೆಕ್ಷನ್, ಒಟ್ಟು 286 ಮಕ್ಕಳು. ಆಟದ ಮೈದಾನದ ಮೂಲೆಯಲ್ಲಿ ತಂಬಾಕಿನ ಖಾಲಿ ಪೊಟ್ಟಣಗಳು ಸಿಕ್ಕ ಮೇಲೆ ರಕ್ಷಕ-ಶಿಕ್ಷಕ ಸಂಘದವರು ಒಂದು ಸಮೀಕ್ಷೆ ಮಾಡಿ ಎನ್ನುತ್ತಿದ್ದಾರೆ. ತಂಬಾಕು, ಮದ್ಯ, ಮೊಬೈಲ್, ಊಟ, ನಿದ್ದೆ, ಮನಸ್ಸಿನ ಬೇಸರ ಎಲ್ಲವೂ ಅದರಲ್ಲಿ ಇರಬೇಕಂತೆ. ತೊಂದರೆಯಲ್ಲಿರುವ ಮಗುವನ್ನು ಗುರುತಿಸಬಹುದೆಂದು ರೋಲ್ ನಂಬರ್ ಸಹಿತ ಗೂಗಲ್ ಫಾರ್ಮ್ ತಯಾರಿಸಿದ್ದೇವೆ. ಪೋಷಕರ ಒಪ್ಪಿಗೆ ಬೇಕೇ? ಯಾವಾಗ ಮಾಡುವುದು ಒಳ್ಳೆಯದು? ಬಂದ ಫಲಿತಾಂಶವನ್ನು ಯಾರಿಗೆ, ಹೇಗೆ ಹೇಳಬೇಕು?

ಉತ್ತರ: ಫಾರ್ಮ್ ಕಳಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಮೇಡಂ. ನಿಮ್ಮ ಯೋಜನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದರೊಳಗೊಂದು ಸೇರಿಕೊಂಡಿವೆ. ಶಾಲೆಯಲ್ಲಿ ಎಷ್ಟು ಮಕ್ಕಳು ತಂಬಾಕು ಹಾಕುತ್ತಾರೆ ಎಂದು ತಿಳಿಯುವುದು ಸಮೀಕ್ಷೆ. ಯಾವ ಮಗುವಿಗೆ ಸಹಾಯ ಬೇಕು ಎಂದು ಕಂಡುಕೊಳ್ಳುವುದು ತಪಾಸಣೆ. ಮೊದಲನೆಯದರಲ್ಲಿ ಹೆಸರು ಇರಬಾರದು, ಎರಡನೆಯದರಲ್ಲಿ ಇರಲೇಬೇಕು. ರೋಲ್ ನಂಬರ್ ಬರೆಸಿ ತಂಬಾಕಿನ ಪ್ರಶ್ನೆ ಕೇಳಿದರೆ, ಹಾಕುವ ಹುಡುಗ ‘ಇಲ್ಲ’ ಎಂದೇ ಗುರುತು ಮಾಡುತ್ತಾನೆ. ಲೆಕ್ಕವೂ ತಪ್ಪಿತು, ಅವನೂ ಸಿಗಲಿಲ್ಲ.

ಇದು ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡಿ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ ಭಾರತದಲ್ಲಿ 987 ಶಾಲೆಗಳಲ್ಲಿ ನಡೆಯಿತು. 13ರಿಂದ 15 ವರ್ಷದ ಮಕ್ಕಳಲ್ಲಿ ಯಾವುದಾದರೂ ರೂಪದ ತಂಬಾಕನ್ನು ಆಗ ಬಳಸುತ್ತಿದ್ದವರು ದೇಶದಲ್ಲಿ ಶೇ. 8.5. ಕರ್ನಾಟಕದಲ್ಲಿ ಶೇ. 1.2 ಮಾತ್ರ, ದೇಶದ ಅತಿ ಕಡಿಮೆ ಪ್ರಮಾಣಗಳಲ್ಲಿ ಒಂದು. ಅದೇ ಪ್ರಮಾಣ ನಿಮ್ಮಲ್ಲೂ ಇದೆಯೆಂದುಕೊಂಡರೆ 286ರಲ್ಲಿ ಮೂರು-ನಾಲ್ಕು ಮಕ್ಕಳಾದರು. ಅಂದರೆ ಹೆದರಿ ಸುಳ್ಳು ಹೇಳುವವರು ಇಬ್ಬರಿದ್ದರೆ ನಿಮ್ಮ ಅಂಕಿ ಅರ್ಧಕ್ಕಿಳಿಯುತ್ತದೆ, ತಮಾಷೆಗೆ ‘ಹೌದು’ ಎನ್ನುವವರು ನಾಲ್ವರಿದ್ದರೆ ದುಪ್ಪಟ್ಟಾಗುತ್ತದೆ. ಹೆದರಿಕೆ ಮತ್ತು ತಮಾಷೆ, ಈ ಎರಡನ್ನು ತಡೆಯುವುದರಲ್ಲೇ ಇಡೀ ಸಮೀಕ್ಷೆಯ ಕಸುಬು ಅಡಗಿದೆ. ಮುಂದೆ ಹೇಳುವ ಬಹುಪಾಲು ಏರ್ಪಾಡು ಅದಕ್ಕಾಗಿಯೇ.

ಹಾಗಾದರೆ ತೊಂದರೆಯಲ್ಲಿರುವ ಮಗುವಿನ ಗತಿ? ಅದಕ್ಕೆ ಬೇರೆ ದಾರಿಗಳಿವೆ, ಬೇರೆ ತಿಂಗಳಲ್ಲಿ ಮಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅನುದಾನಿತ ಶಾಲೆಗೂ ತಪಾಸಣೆಗೆ ಬರುತ್ತದೆ. ಬರುವ ದಿನಾಂಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಇದೆ. ಆಪ್ತಸಮಾಲೋಚಕರೊಬ್ಬರು ವಾರಕ್ಕೊಂದು ದಿನ ಬಂದು ಕೂರುವ ವ್ಯವಸ್ಥೆಯಾದರೆ ಇನ್ನೂ ಒಳ್ಳೆಯದು. ಅಲ್ಲಿ ಮಗು ತಾನಾಗಿ ಬರುತ್ತದೆ ಅಥವಾ ಶಿಕ್ಷಕರು ಕಳಿಸುತ್ತಾರೆ, ಹೆಸರು ಇರುತ್ತದೆ, ಮುಂದೆ ನೋಡಿಕೊಳ್ಳುವವರೂ ಇರುತ್ತಾರೆ. ಸಮೀಕ್ಷೆಯ ಕಾಗದದ ಮೇಲೆ ಈ ಹೊರೆ ಹಾಕಬೇಡಿ.

ಗೂಗಲ್ ಫಾರ್ಮ್ ಬೇಡ ಎನ್ನುವುದಕ್ಕೆ ಮೂರು ಕಾರಣ. ಮಗು ಅದನ್ನು ಮನೆಯಲ್ಲಿ, ಅಮ್ಮನ ಫೋನಿನಲ್ಲಿ, ಬಹುಶಃ ಅಮ್ಮನ ಪಕ್ಕದಲ್ಲೇ ಕುಳಿತು ತುಂಬುತ್ತದೆ. ಅಮೆರಿಕದ ಹೈಸ್ಕೂಲ್ ಮಕ್ಕಳಲ್ಲಿ ಮನೆ ಮತ್ತು ಶಾಲೆಯ ಉತ್ತರಗಳನ್ನು ಹೋಲಿಸಿ ನೋಡಿದಾಗ, ಶಾಲೆಯಲ್ಲಿ ಕುಳಿತು ಬರೆದವರೇ ಹೆಚ್ಚು ಒಪ್ಪಿಕೊಂಡಿದ್ದರು. ಕಾಗದವೋ ಕಂಪ್ಯೂಟರೋ ಎಂಬುದರಿಂದ ಅಷ್ಟು ವ್ಯತ್ಯಾಸವಾಗಿರಲಿಲ್ಲ. ಎರಡನೆಯದಾಗಿ, ಯಾರು ತುಂಬಿದರು, ಒಬ್ಬರೇ ಎಷ್ಟು ಸಲ ತುಂಬಿದರು ಎಂಬುದಕ್ಕೆ ಹಿಡಿತವಿಲ್ಲ. ಇಮೇಲ್ ಕೇಳಿ ಹಿಡಿತ ತರಲು ಹೋದರೆ ಗುಟ್ಟು ಹೋಗುತ್ತದೆ. ಮೂರನೆಯದು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ವೈಯಕ್ತಿಕ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ರೋಲ್ ನಂಬರಿನ ಜೊತೆ ಮದ್ಯ, ಮನೋವ್ಯಾಧಿಯ ಉತ್ತರಗಳನ್ನು ಶಾಲೆಯ ಜಿಮೇಲ್ ಖಾತೆಯಲ್ಲಿ ಕೂಡಿಡುವುದು ಯಾರಿಗೂ ಬೇಡದ ತಲೆನೋವು. ಕಾಗದ, ಪೆನ್ಸಿಲ್, ಕವರು, ಒಂದು ಪೆಟ್ಟಿಗೆ ಸಾಕು.

ಮಾದರಿಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 1991ರಿಂದ ಎರಡು ವರ್ಷಕ್ಕೊಮ್ಮೆ ಇಂಥ ಸಮೀಕ್ಷೆ ನಡೆಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಶಾಲಾ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಿಗಾಗಿ ಇದೆ. ಭಾರತದಲ್ಲಿ ಅದು 2007ರಲ್ಲಿ ಸಿಬಿಎಸ್‌ಇ ಶಾಲೆಗಳಲ್ಲಿ ನಡೆದಿದೆ. ಊಟ, ನೈರ್ಮಲ್ಯ, ವ್ಯಾಯಾಮ, ತಂಬಾಕು, ಮದ್ಯ, ಹಿಂಸೆ ಮತ್ತು ಗಾಯ, ಮಾನಸಿಕ ಆರೋಗ್ಯ, ಮನೆ-ಶಾಲೆಯ ಆಸರೆ ಇತ್ಯಾದಿ ಭಾಗಗಳಾಗಿ ಪ್ರಶ್ನೆಗಳು ಅದರಲ್ಲಿ ಸಿದ್ಧವಾಗಿವೆ. ಬೇಕಾದ ಭಾಗ ಆರಿಸಿಕೊಳ್ಳಿ. ಎಲ್ಲ ವಿಷಯವನ್ನೂ ತುಂಬುವ ಆಸೆ ಬೇಡ: 40 ನಿಮಿಷದ ಪೀರಿಯಡ್ಡಿನಲ್ಲಿ ಸೂಚನೆಗೆ ಎಂಟು ನಿಮಿಷ, ಮುಚ್ಚಿ ಕೊಡಲು ಐದು ನಿಮಿಷ ಹೋದರೆ ಎಂಟನೆಯ ತರಗತಿಯ ಮಗು ನೆಮ್ಮದಿಯಿಂದ ಉತ್ತರಿಸುವುದು 40 ಪ್ರಶ್ನೆ.

ಈ ಅಂತಾರಾಷ್ಟ್ರೀಯ ಪ್ರಶ್ನಾವಳಿಗಳಲ್ಲಿ ಒಂದು ಜಾಣತನವಿದೆ, ನಮ್ಮವರು ಅನುವಾದಿಸುವಾಗ ಅದನ್ನೇ ಕಳೆದುಬಿಡುತ್ತಾರೆ. ‘ನೀವು ಸಿಗರೇಟು ಸೇದಿದ್ದೀರಾ? ಇಲ್ಲವಾದರೆ 15ನೇ ಪ್ರಶ್ನೆಗೆ ಹೋಗಿ’ ಎಂಬಂಥ ಜಿಗಿತಗಳು ಅವುಗಳಲ್ಲಿ ಇರುವುದಿಲ್ಲ. ಜಿಗಿತವಿದ್ದರೆ ಏನೂ ಮಾಡದ ಮಗು ಹದಿನೈದು ನಿಮಿಷಕ್ಕೆ ಮುಗಿಸಿ ಪೆನ್ಸಿಲ್ ಕೆಳಗಿಡುತ್ತದೆ, ಇನ್ನೂ ಬರೆಯುತ್ತಿರುವವರು ಯಾರೆಂದು ತರಗತಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಪ್ರತಿ ಪ್ರಶ್ನೆಯಲ್ಲೂ ‘ನಾನು ಎಂದೂ ಸೇದಿಲ್ಲ’ ಎಂಬ ಉತ್ತರವನ್ನೂ ಇಟ್ಟು, ಎಲ್ಲರೂ ಎಲ್ಲವನ್ನೂ ಉತ್ತರಿಸುವಂತೆ ಮಾಡುತ್ತಾರೆ. ನೀವೂ ಹಾಗೇ ಮಾಡಿ.

ಇನ್ನು ಪ್ರಶ್ನೆಯ ಮಾತು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಕರಾವಳಿಯ ಸಂಗತಿಗಳು ಯಾವ ಮಾದರಿ ಪ್ರಶ್ನಾವಳಿಯಲ್ಲೂ ಇಲ್ಲ.

‘ಗುಟ್ಕಾ ತಿಂದಿದ್ದೀರಾ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಪ್ರಾಮಾಣಿಕವಾಗಿಯೇ ಬರಬಹುದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬರುತ್ತದೆ. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುವವರು ಅದನ್ನು ಗುಟ್ಕಾ ಎನ್ನುವುದಿಲ್ಲ. ಎಲೆ-ಅಡಿಕೆಯದು ಇನ್ನೊಂದು ತೊಡಕು. ಅಡಿಕೆ ತೋಟದ ಮನೆಯ ಮಗು ಅಜ್ಜಿಯ ತಟ್ಟೆಯಿಂದ ಒಂದು ಹೋಳು ಬಾಯಿಗೆ ಹಾಕಿಕೊಳ್ಳುವುದು ಬೇರೆ, ಹೊಗೆಸೊಪ್ಪು ಸೇರಿಸಿ ಮೆಲ್ಲುವುದು ಬೇರೆ. ಒಂದೇ ಪ್ರಶ್ನೆಯಲ್ಲಿ ಕೇಳಿದರೆ ನಿಮ್ಮ ತಂಬಾಕಿನ ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಹಾಗೆಂದು ಅಡಿಕೆಯನ್ನು ಬಿಟ್ಟುಬಿಡುವಂತೆಯೂ ಇಲ್ಲ, ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕವೆಂದೇ ಪಟ್ಟಿ ಮಾಡಿದೆ. ಆದ್ದರಿಂದ ಎರಡು ಪ್ರಶ್ನೆ ಮಾಡಿ. ‘ಕಳೆದ 30 ದಿನಗಳಲ್ಲಿ ಎಷ್ಟು ದಿನ ಅಡಿಕೆ, ಬೀಡ ಅಥವಾ ಪಾನ್ ಮಸಾಲಾವನ್ನು ತಂಬಾಕು ಸೇರಿಸದೆ ತಿಂದಿದ್ದೀರಿ?’ ಎಂದೊಂದು. ‘ಕಳೆದ 30 ದಿನಗಳಲ್ಲಿ ಎಷ್ಟು ದಿನ ತಂಬಾಕನ್ನು (ಹೊಗೆಸೊಪ್ಪು, ಪೊಟ್ಟಣದ ತಂಬಾಕು) ಬಾಯಿಗೆ ಹಾಕಿದ್ದೀರಿ, ಅದೊಂದನ್ನೇ ಆಗಿರಲಿ, ಬೇರೆ ಏನಾದರೊಂದಿಗೆ ಬೆರೆಸಿಯೇ ಆಗಿರಲಿ?’ ಎಂದು ಇನ್ನೊಂದು. ಉತ್ತರಗಳು: ಒಂದು ದಿನವೂ ಇಲ್ಲ, 1–2 ದಿನ, 3–5, 6–9, 10–19, 20–29, ಎಲ್ಲ 30 ದಿನ.

ಬೀಡಿಯದ್ದೂ ಹಾಗೆಯೇ. ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟುತ್ತಾರೆ, ಮಕ್ಕಳು ಎಲೆ ಕತ್ತರಿಸಿ ಕೊಡುತ್ತಾರೆ. ‘ಬೀಡಿ ಬಳಸಿದ್ದೀರಾ’ ಎಂಬ ಸಡಿಲ ಪ್ರಶ್ನೆ ಇವರನ್ನೆಲ್ಲ ಗೊಂದಲಕ್ಕೆ ನೂಕುತ್ತದೆ. ‘ಸೇದಿದ್ದೀರಾ’ ಎಂದೇ ಬರೆಯಿರಿ. ಮದ್ಯದ ಪ್ರಶ್ನೆಗೆ ಸಿಡಿಸಿಯ ಪ್ರಶ್ನಾವಳಿಯಲ್ಲಿ ಧಾರ್ಮಿಕ ವಿಧಿಯಲ್ಲಿ ಸವಿಯುವ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂಬ ಒಂದು ಸಾಲಿದೆ. ಇಗರ್ಜಿಯ ಪೂಜೆಯ ವೈನ್ ಇರುವ, ದೈವಕ್ಕೆ ಶೇಂದಿ ಇಡುವ ಊರಿನಲ್ಲಿ ಆ ಸಾಲು ಬೇಕೇ ಬೇಕು. ಬಿಯರ್, ವೈನ್, ಶೇಂದಿ, ಬ್ರಾಂಡಿ ಎಂದು ಹೆಸರಿಸಿ. ಬಿಯರನ್ನು ಮದ್ಯವೆಂದು ಒಪ್ಪದ ಹುಡುಗರಿದ್ದಾರೆ.

ಗಾಯ-ಅಪಘಾತದ ಭಾಗಕ್ಕೆ ನೀವೇ ಎರಡು ಪ್ರಶ್ನೆ ಸೇರಿಸಿ. ಒಂದು, ದೊಡ್ಡವರಿಲ್ಲದೆ ಹೊಳೆ, ಸಮುದ್ರ, ಮದಗ ಅಥವಾ ನೀರು ತುಂಬಿದ ಕೆಂಪುಕಲ್ಲಿನ ಕೋರೆಗೆ ಇಳಿದದ್ದು. ಇನ್ನೊಂದು, ಸ್ಕೂಟರ್ ಅಥವಾ ಬೈಕ್ ಓಡಿಸಿದ್ದು. ಎರಡನೆಯದು ನೀವು ಅಂದುಕೊಂಡದ್ದಕ್ಕಿಂತ ಸೂಕ್ಷ್ಮ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಪ್ಪನಿಗೆ ತೊಂದರೆಯಾದೀತೆಂದು ಮಗು ಸುಮ್ಮನಾಗುತ್ತದೆ. ಹೆಸರಿಲ್ಲದ ಕಾಗದಕ್ಕೆ ಇದೂ ಒಂದು ಕಾರಣ.

ಬಿಡಬೇಕಾದ ಪ್ರಶ್ನೆಗಳೂ ಇವೆ. ಮತ್ತೇರಿಸುವ ವಸ್ತುಗಳ ಉದ್ದ ಪಟ್ಟಿ ಕೊಡಬೇಡಿ; ಮೂಸುವುದಕ್ಕೆ ಏನೇನು ಸಿಗುತ್ತದೆ ಎಂದು ಎಂಟನೆಯ ತರಗತಿಗೆ ಪಾಠ ಮಾಡಿದಂತಾಗುತ್ತದೆ. ಗಾಂಜಾ ಒಂದನ್ನು ಕೇಳಿ, ಇ-ಸಿಗರೇಟನ್ನು ತಂಬಾಕಿನ ಭಾಗದಲ್ಲಿ ಕೇಳಿ. ಲೈಂಗಿಕ ನಡವಳಿಕೆಯ ಭಾಗ ಶಾಲೆಯೇ ಮಾಡುವ ಸಮೀಕ್ಷೆಯಲ್ಲಿ ಬೇಡ. ಅದಕ್ಕೆ ಪಳಗಿದ ತಂಡ, ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ, ಕಾನೂನಿನ ಸಿದ್ಧತೆ ಮೂರೂ ಬೇಕು. ಎತ್ತರ-ತೂಕವನ್ನೂ ಕೈಬಿಡಿ, ಮಕ್ಕಳಿಗೆ ತಮ್ಮ ತೂಕ ಸರಿಯಾಗಿ ಗೊತ್ತಿರುವುದಿಲ್ಲ, ಆರೋಗ್ಯ ತಂಡ ಅಳೆದದ್ದು ಹೇಗೂ ಇದೆ. ಜಾತಿ, ಧರ್ಮ, ಊರು ಯಾವುದೂ ಬೇಡ. ತರಗತಿ, ಗಂಡೋ ಹೆಣ್ಣೋ, ವಯಸ್ಸು (13 ಅಥವಾ ಕಡಿಮೆ, 14, 15, 16 ಅಥವಾ ಹೆಚ್ಚು), ಇಷ್ಟೇ. ಸೆಕ್ಷನ್ ಕೂಡ ಬೇಡ.

ಪ್ರಶ್ನೆ ಸಿದ್ಧವಾದ ಮೇಲೆ ನೆರೆಯ ಶಾಲೆಯ ಆರೆಂಟು ಮಕ್ಕಳ ಮುಂದೆ ಓದಿಸಿ. ಅವರ ಉತ್ತರ ಕೇಳಬೇಡಿ, ‘ಇದು ಏನು ಕೇಳ್ತಾ ಇದೆ, ನಿನ್ನ ಮಾತಲ್ಲಿ ಹೇಳು’ ಎನ್ನಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಆಡುವ ಮಕ್ಕಳು ಆ ಗುಂಪಿನಲ್ಲಿರಲಿ. ‘ದೈಹಿಕ ಚಟುವಟಿಕೆ’ ಎಂದರೆ ಪಿ.ಟಿ. ಪೀರಿಯಡ್ ಮಾತ್ರ ಎಂದುಕೊಳ್ಳುವ ಮಗು ಅಲ್ಲೇ ಸಿಗುತ್ತದೆ. ‘ಕಳೆದ 30 ದಿನ’ ಎಂಬುದಕ್ಕೆ ಒಂದು ಗೂಟ ಬೇಕು. ‘ಅಂದರೆ ಚೌತಿಯಿಂದ ಈಚೆಗೆ’ ಎಂದು ಸಮೀಕ್ಷೆಯ ದಿನಕ್ಕೆ ಸರಿಯಾಗಿ ಹೇಳಿ. ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಇದ್ದರೆ ಪ್ರತಿ ಪ್ರಶ್ನೆಯನ್ನೂ ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ.

ಒಪ್ಪಿಗೆಯ ಮಾತಿಗೆ ಬರೋಣ. ಹೌದು, ಪೋಷಕರಿಗೆ ತಿಳಿಸಲೇಬೇಕು. ಆದರೆ ‘ಸಹಿ ಮಾಡಿ ಕಳಿಸಿದವರ ಮಕ್ಕಳು ಮಾತ್ರ’ ಎಂಬ ನಿಯಮ ಮತ್ತು ‘ಬೇಡವೆಂದು ಬರೆದು ಕಳಿಸಿದವರ ಮಕ್ಕಳನ್ನು ಬಿಟ್ಟು ಉಳಿದವರು’ ಎಂಬ ನಿಯಮ, ಈ ಎರಡರಿಂದ ಬರುವ ಫಲಿತಾಂಶ ಬೇರೆ ಬೇರೆ. ಮೊದಲನೆಯದರಲ್ಲಿ ಚೀಟಿ ವಾಪಸು ಬರುವುದೇ ಕಡಿಮೆ, ತಪ್ಪದೆ ಕಳಿಸುವುದು ಮಕ್ಕಳ ಮೇಲೆ ಹೆಚ್ಚು ನಿಗಾ ಇರುವ ಮನೆಗಳು. ನಿಮಗೆ ಬೇಕಾದ ಮಕ್ಕಳೇ ಲೆಕ್ಕದಿಂದ ಹೊರಗುಳಿಯುತ್ತಾರೆ. ಶಾಲೆಯ ಒಳಬಳಕೆಗೆ, ಹೆಸರಿಲ್ಲದೆ ಮಾಡುವ ಸಮೀಕ್ಷೆಗೆ ಎರಡನೆಯದು ಸಾಕು, ಒಂದೇ ಷರತ್ತು: ಪತ್ರ ನಿಜವಾಗಿಯೂ ಮನೆ ಮುಟ್ಟಬೇಕು. ಡೈರಿಯಲ್ಲಿ ಅಂಟಿಸಿ, ಪೋಷಕರ ಸಭೆಯಲ್ಲಿ ಓದಿ ಹೇಳಿ, ಹತ್ತು ದಿನ ಸಮಯ ಕೊಡಿ. ವಿಷಯಗಳ ಪಟ್ಟಿ (ತಂಬಾಕು, ಮದ್ಯ ಎಂದು ಬಿಡಿಸಿಯೇ), ಹೆಸರು ಇರುವುದಿಲ್ಲ ಎಂಬುದು, ದಿನಾಂಕ, ಬೇಡವೆನ್ನುವುದು ಹೇಗೆ, ಬೇಡವೆಂದರೆ ಮಗುವಿಗೆ ಏನೂ ಆಗುವುದಿಲ್ಲ ಎಂಬುದು, ಒಂದು ಫೋನ್ ನಂಬರು. ಪ್ರಶ್ನಾವಳಿಯನ್ನು ಕಚೇರಿಗೆ ಬಂದು ನೋಡಬಹುದು ಎಂದೂ ಬರೆಯಿರಿ, ಆದರೆ ಫೋಟೋ ತೆಗೆಯಲು ಬಿಡಬೇಡಿ. ಸಂಜೆಯೊಳಗೆ ತರಗತಿಯ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ.

ಮುಂದೆ ಇದನ್ನು ಲೇಖನವಾಗಿ ಪ್ರಕಟಿಸುವ, ಇಲ್ಲವೇ ಯಾರದಾದರೂ ಪ್ರಬಂಧಕ್ಕೆ ಕೊಡುವ ಯೋಚನೆ ಒಂದಿಷ್ಟಿದ್ದರೂ ದಾರಿ ಬೇರೆ. ಆಗ ಅದು ಸಂಶೋಧನೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅನ್ವಯಿಸುತ್ತದೆ. ಪೋಷಕರ ಒಪ್ಪಿಗೆಯ ಜೊತೆಗೆ 12ರಿಂದ 18 ವರ್ಷದ ಮಗುವಿನ ಲಿಖಿತ ಸಮ್ಮತಿಯನ್ನೂ ಅದು ಬಯಸುತ್ತದೆ. ಯಾವುದಕ್ಕೆ ವಿನಾಯಿತಿ ಎಂದು ನಿರ್ಧರಿಸುವುದು ನೈತಿಕ ಸಮಿತಿ, ನೀವಲ್ಲ. ಅನುಮತಿ ಮೊದಲು, ಸಮೀಕ್ಷೆ ಆಮೇಲೆ. ಮುಗಿದ ಕೆಲಸಕ್ಕೆ ಹಿಂದಿನ ತಾರೀಕಿನ ಅನುಮತಿ ಸಿಗುವುದಿಲ್ಲ. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗಗಳಿಗೆ ಇದು ನಿತ್ಯದ ಕೆಲಸ. ಜೊತೆಗೂಡಿದರೆ ಸಮಿತಿ, ಪ್ರಶ್ನಾವಳಿ, ವಿಶ್ಲೇಷಣೆ ಮೂರೂ ಸುಲಭ. ಸಮ್ಮತಿ ಪತ್ರಕ್ಕೆ ಸಹಿ ಬೇಕಾದರೆ ಅದನ್ನು ಒಂದೆರಡು ದಿನ ಮುಂಚೆ, ಬೇರೆ ಹಾಳೆಯಲ್ಲಿ ತೆಗೆದುಕೊಳ್ಳಿ. ಪ್ರಶ್ನಾವಳಿಯ ಜೊತೆ ಪಿನ್ ಹೊಡೆದ ಸಹಿ ಎಂದರೆ ರೋಲ್ ನಂಬರೇ. ಯಾವ ದಾರಿಯಾದರೂ ಆಡಳಿತ ಮಂಡಳಿಯ ನಿರ್ಣಯ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮಾಹಿತಿ ಇರಲಿ.

ಮನಸ್ಸಿನ ಬೇಸರದ ಪ್ರಶ್ನೆಗಳ ಬಗ್ಗೆ ಪೋಷಕರ ಮೊದಲ ಆಕ್ಷೇಪ: ‘ಆತ್ಮಹತ್ಯೆ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲವೇ?’ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಪ್ರಶ್ನೆಯಿಂದ ಹಾನಿಯಿಲ್ಲ. ಆದರೆ ಕೇಳಿ ಸುಮ್ಮನಿರುವುದು ಸರಿಯಲ್ಲ. ಸಮೀಕ್ಷೆಯ ದಿನ ಮತ್ತು ಮರುದಿನ ಆಪ್ತಸಮಾಲೋಚಕರೊಬ್ಬರು ಶಾಲೆಯಲ್ಲಿ ಸಿಗುವಂತಿದ್ದರೆ ಮಾತ್ರ ಆ ಭಾಗ ಸೇರಿಸಿ, ಇಲ್ಲದಿದ್ದರೆ ಈ ವರ್ಷ ಬಿಡಿ. ಮುಗಿದ ಮೇಲೆ ಪ್ರತಿಯೊಬ್ಬರ ಕೈಗೂ ಒಂದು ಸಣ್ಣ ಚೀಟಿ ಕೊಡಿ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಸಮಾಲೋಚಕರು ಕೂರುವ ಕೋಣೆ ಮತ್ತು ಸಮಯ. ಎಲ್ಲರಿಗೂ ಕೊಟ್ಟರೆ ಯಾರಿಗೆ ಬೇಕಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ.

ಬರೆಯಲು ಖಾಲಿ ಜಾಗ ಬಿಡಬೇಡಿ, ಎಲ್ಲವೂ ಗುರುತು ಹಾಕುವ ಪ್ರಶ್ನೆಯೇ ಆಗಿರಲಿ. ಆದರೂ ಒಮ್ಮೊಮ್ಮೆ ಅಂಚಿನಲ್ಲಿ ಬರೆಯುವ ಮಕ್ಕಳಿರುತ್ತಾರೆ. ಲೈಂಗಿಕ ದೌರ್ಜನ್ಯವನ್ನು ಸೂಚಿಸುವ, ಮಗುವನ್ನು ಗುರುತಿಸಬಹುದಾದ ಬರಹ ಸಿಕ್ಕಿದರೆ ಅದು ಸಮೀಕ್ಷೆಯ ವಿಷಯವಾಗಿ ಉಳಿಯುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ತಿಳಿದವರು ಯಾರೇ ಆಗಲಿ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆಯಿದೆ. ಅಂಥದ್ದು ಬಂದರೆ ಯಾರು ಓದುವುದು, ಯಾರಿಗೆ ಫೋನ್ ಮಾಡುವುದು ಎಂದು ಮುಖ್ಯೋಪಾಧ್ಯಾಯರ ಜೊತೆ ಮೊದಲೇ ಬರೆದಿಟ್ಟುಕೊಳ್ಳಿ. ಇಬ್ಬರಿಗಿಂತ ಹೆಚ್ಚು ಜನ ಆ ಹಾಳೆ ನೋಡಬಾರದು.

ದಿನದ ಆಯ್ಕೆ. ಜೂನ್-ಜುಲೈ ಬೇಡ, ಯಾವ ದಿನ ಮಳೆ ರಜೆ ಸಾರುತ್ತಾರೋ ಹೇಳಲಾಗದು. ದಸರಾ ರಜೆ ಮುಗಿದ ಕೂಡಲೇ ಮಾಡಿದರೆ ‘ಕಳೆದ 30 ದಿನ’ದಲ್ಲಿ ರಜೆಯೇ ತುಂಬಿರುತ್ತದೆ. ಡಿಸೆಂಬರಿನಲ್ಲಿ ವಾರ್ಷಿಕೋತ್ಸವ, ಜನವರಿಯ ನಂತರ ಹತ್ತನೆಯವರಿಗೆ ಪರೀಕ್ಷೆಯ ಬಿಸಿ. ಉಳಿದದ್ದು ಆಗಸ್ಟ್-ಸೆಪ್ಟೆಂಬರ್ ಮತ್ತು ನವೆಂಬರ್ ಕೊನೆ. ಯಾವುದನ್ನಾದರೂ ಆರಿಸಿ, ಮುಂದಿನ ಸಲವೂ ಅದೇ ತಿಂಗಳು ಮಾಡಿ. ಮಂಗಳವಾರದಿಂದ ಗುರುವಾರದೊಳಗೆ ಇರಲಿ. ಶುಕ್ರವಾರ ಮಧ್ಯಾಹ್ನ ಜುಮ್ಮಾಕ್ಕೆ ಹೋಗುವ ಮಕ್ಕಳಿರುತ್ತಾರೆ, ಶನಿವಾರ ಅರ್ಧ ದಿನ. ಊರಿನ ಜಾತ್ರೆ, ದೈವದ ನೇಮ, ಯಕ್ಷಗಾನದ ಆಟದ ಮರುದಿನವೂ ಹಾಜರಿ ಕಡಿಮೆ. ತಂಬಾಕು ವಿರೋಧಿ ಭಾಷಣ ಮುಗಿದ ವಾರದಲ್ಲಂತೂ ಮಾಡಲೇಬೇಡಿ, ಮಕ್ಕಳು ಭಾಷಣವನ್ನೇ ನಿಮಗೆ ಒಪ್ಪಿಸುತ್ತಾರೆ.

ಆರೂ ಸೆಕ್ಷನ್ನಿಗೆ ಒಂದೇ ಪೀರಿಯಡ್ಡಿನಲ್ಲಿ ನಡೆಸಿ. ಒಂದು ತರಗತಿ ಮೊದಲು ಮುಗಿಸಿದರೆ ಬಿಡುವಿನಲ್ಲಿ ಪ್ರಶ್ನೆ, ತಮಾಷೆ ಎರಡೂ ಹರಡುತ್ತವೆ. ಕ್ಲಾಸ್ ಟೀಚರ್, ಪಿ.ಟಿ. ಮಾಸ್ಟ್ರು ಕೋಣೆಯಲ್ಲಿ ಇರಬಾರದು. ನೆರೆಯ ಶಾಲೆಯ ಶಿಕ್ಷಕರು ಅಥವಾ ಸಮಾಜಕಾರ್ಯ, ನರ್ಸಿಂಗ್ ವಿದ್ಯಾರ್ಥಿಗಳು ಆರು ಜನ ಸಿಕ್ಕರೆ ಸಾಕು, ಹಿಂದಿನ ದಿನ ಒಂದು ಗಂಟೆಯ ತರಬೇತಿ ಕೊಡಿ. ಕೂರುವ ಕ್ರಮ ಪರೀಕ್ಷೆಯಂತೆ. ಬೆಂಚಿಗೆ ಇಬ್ಬರಾದರೆ ನಡುವೆ ಬ್ಯಾಗ್, ಉತ್ತರ ಮುಚ್ಚಿಕೊಳ್ಳಲು ಒಂದೊಂದು ದಪ್ಪ ಹಾಳೆ. ಎಲ್ಲರಿಗೂ ಒಂದೇ ಬಗೆಯ ಪೆನ್ಸಿಲ್ ನೀವೇ ಕೊಡಿ, ಹಸಿರು ಶಾಯಿಯ ಪೆನ್ನು ಯಾರದೆಂದು ತರಗತಿಗೆ ಗೊತ್ತಿರುತ್ತದೆ. ನಡೆಸುವವರು ಮುಂದೆಯೇ ನಿಲ್ಲಲಿ, ಸಾಲುಗಳ ನಡುವೆ ಅಡ್ಡಾಡಬಾರದು. ಎಂಟನೆಯ ತರಗತಿಯಲ್ಲಿ ಓದು ನಿಧಾನವಿದ್ದರೆ ಒಂದೊಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಲಿ, ಎಲ್ಲರೂ ಒಟ್ಟಿಗೆ ಮುಂದೆ ಹೋಗುತ್ತಾರೆ.

ಅವರು ಹೇಳಬೇಕಾದ ಮಾತನ್ನು ಬರೆದುಕೊಡಿ, ಆರೂ ಕೋಣೆಯಲ್ಲಿ ಅದನ್ನೇ ಓದಲಿ. ಹೀಗಿರಬಹುದು: ‘ನಮಸ್ಕಾರ ಮಕ್ಕಳೇ. ಈ ಕಾಗದದಲ್ಲಿ ನಿಮ್ಮ ಆರೋಗ್ಯದ ಬಗ್ಗೆ 40 ಪ್ರಶ್ನೆಗಳಿವೆ. ಇದು ಪರೀಕ್ಷೆ ಅಲ್ಲ, ಮಾರ್ಕ್ ಇಲ್ಲ. ಹೆಸರು, ರೋಲ್ ನಂಬರ್ ಏನೂ ಬರೆಯಬೇಡಿ. ಯಾರು ಯಾವ ಉತ್ತರ ಕೊಟ್ಟರೆಂದು ನಿಮ್ಮ ಟೀಚರಿಗೂ ಮನೆಯವರಿಗೂ ನಮಗೂ ಗೊತ್ತಾಗುವುದಿಲ್ಲ. ನೀವು ನಿಜವಾಗಿ ಏನು ಮಾಡುತ್ತೀರೋ ಅದಕ್ಕೆ ಗುರುತು ಹಾಕಿ. ಇಷ್ಟವಿಲ್ಲದ ಪ್ರಶ್ನೆ ಬಿಡಬಹುದು. ಪೂರ್ತಿ ಬೇಡವೆಂದರೆ ಖಾಲಿ ಕಾಗದವನ್ನೇ ಕವರಿಗೆ ಹಾಕಿ ಅಂಟಿಸಿ, ಎಲ್ಲರ ಜೊತೆಯೇ ಪೆಟ್ಟಿಗೆಗೆ ಹಾಕಿ.’ ಈ ಕೊನೆಯ ವಾಕ್ಯ ಬಿಟ್ಟುಹೋದರೆ ಬೇಡವೆಂದವನು ಎದ್ದು ನಿಲ್ಲಬೇಕಾಗುತ್ತದೆ. ಪೋಷಕರು ಬೇಡವೆಂದ ಮಕ್ಕಳನ್ನು ಮೊದಲೇ ಗ್ರಂಥಾಲಯಕ್ಕೆ ಕಳಿಸಿ. ಪೆಟ್ಟಿಗೆ ತರಗತಿಗೊಂದು ಇರಲಿ, ಬಾಯಿ ಅಂಟಿಸಿ ಸೀಳು ಮಾತ್ರ ಬಿಟ್ಟಿರಲಿ. ಕಚೇರಿಯಲ್ಲಿ ಆರನ್ನೂ ಒಂದೇ ಚೀಲಕ್ಕೆ ಸುರಿದು ಕಲಸಿ, ಆಮೇಲೆ ಕ್ರಮಸಂಖ್ಯೆ ಹಾಕಿ.

ಆ ದಿನ ಬಾರದವರನ್ನು ಮರೆಯಬೇಡಿ. ಆಗಾಗ ಗೈರಾಗುವ ಮಕ್ಕಳಲ್ಲೇ ಇಂಥ ಅಭ್ಯಾಸ ಹೆಚ್ಚು. 286ರಲ್ಲಿ 260 ಮಕ್ಕಳು ಉತ್ತರಿಸಿ ತಂಬಾಕು ಸೊನ್ನೆ ಬಂದರೂ, ಉಳಿದ 26ರೊಳಗೆ ನೀವು ಹುಡುಕುತ್ತಿದ್ದ ಮೂವರೂ ಇರಬಹುದು. ಮುಂದಿನ ವಾರ ಎಲ್ಲ ತರಗತಿಯ ಗೈರುಹಾಜರಾದವರನ್ನು ಒಟ್ಟಿಗೆ ಕೂರಿಸಿ ಬರೆಸಿ. ಐದಕ್ಕಿಂತ ಕಡಿಮೆ ಮಕ್ಕಳಾದರೆ ಬಿಟ್ಟುಬಿಡಿ, ಅಷ್ಟು ಸಣ್ಣ ಗುಂಪಿನಲ್ಲಿ ಗುಟ್ಟು ನಿಲ್ಲುವುದಿಲ್ಲ.

ಕಾಗದಗಳನ್ನು ಎಕ್ಸೆಲ್‌ಗೆ ಹಾಕುವಾಗ ಒಬ್ಬರು ಓದಲಿ, ಒಬ್ಬರು ಒತ್ತಲಿ. ಹತ್ತರಲ್ಲೊಂದನ್ನು ಇನ್ನೊಮ್ಮೆ ಹಾಕಿ ತಾಳೆ ನೋಡಿ. ಆಮೇಲೆ ತಮಾಷೆಯ ಕಾಗದಗಳನ್ನು ಹೆಕ್ಕಬೇಕು. ಸಿಡಿಸಿಯ ನಿಯಮಗಳನ್ನೇ ಸ್ವಲ್ಪ ಬದಲಿಸಿ ಬಳಸಬಹುದು. ಸತತ 15 ಪ್ರಶ್ನೆಗೆ ಒಂದೇ ಆಯ್ಕೆಯ ಅಕ್ಷರಕ್ಕೆ (ಎಲ್ಲಕ್ಕೂ ‘ಬಿ’ ಎಂಬಂತೆ) ಗುರುತು ಹಾಕಿದ್ದರೆ ಆ ಕಾಗದ ಲೆಕ್ಕಕ್ಕಿಲ್ಲ. ಪರಸ್ಪರ ಹೊಂದದ ಎರಡು ಉತ್ತರವಿದ್ದರೆ (‘ಎಂದೂ ಸೇದಿಲ್ಲ’, ಆದರೆ ‘ಕಳೆದ ತಿಂಗಳು 6–9 ದಿನ ಸೇದಿದೆ’) ಎರಡನ್ನೂ ಖಾಲಿ ಎಂದು ಎಣಿಸಿ. ಯಾವುದು ನಿಜವೆಂದು ನೀವು ಊಹಿಸಬೇಡಿ. ಹೀಗೆ ತೆಗೆದ ಮೇಲೆ 20ಕ್ಕಿಂತ ಕಡಿಮೆ ಉತ್ತರ ಉಳಿದರೆ ಇಡೀ ಕಾಗದ ಹೊರಗೆ. ಯುರೋಪಿನ ಶಾಲಾ ಸಮೀಕ್ಷೆಗಳಲ್ಲಿ ಇನ್ನೊಂದು ಉಪಾಯವಿತ್ತು: ‘ರೆಲೆವಿನ್’ ಎಂಬ, ಎಲ್ಲೂ ಇಲ್ಲದ ಮಾದಕದ ಹೆಸರನ್ನು ಪಟ್ಟಿಯಲ್ಲಿ ಸೇರಿಸಿದ್ದರು. ಅದನ್ನೂ ಸೇವಿಸಿದ್ದೇನೆ ಎಂದವನ ಉಳಿದ ಉತ್ತರಗಳನ್ನು ಎಷ್ಟು ನಂಬಬೇಕೆಂದು ಗೊತ್ತಾಯಿತಲ್ಲ. ನಿಮ್ಮ ಗಾಂಜಾ ಪ್ರಶ್ನೆಯ ಪಕ್ಕದಲ್ಲಿ ಅಂಥದ್ದೊಂದನ್ನು ಇಡಬಹುದು. ಎಷ್ಟು ಕಾಗದ ತೆಗೆದಿರಿ, ಯಾಕೆ ಎಂಬುದನ್ನು ವರದಿಯಲ್ಲಿ ಬರೆಯಿರಿ.

ಫಲಿತಾಂಶ ಹೇಳುವಾಗ ಐದಕ್ಕಿಂತ ಕಡಿಮೆ ಮಕ್ಕಳಿರುವ ಯಾವ ಸಂಖ್ಯೆಯನ್ನೂ ಹೊರಗೆ ಕೊಡಬೇಡಿ, ‘5ಕ್ಕಿಂತ ಕಡಿಮೆ’ ಎಂದಷ್ಟೇ ಬರೆಯಿರಿ. ತರಗತಿವಾರು ತಂಬಾಕಿನ ಅಂಕಿ ಕೊಟ್ಟರೆ ಮರುದಿನವೇ ‘ಒಂಬತ್ತನೆಯ ಕ್ಲಾಸಿನ ಆ ಇಬ್ಬರು’ ಯಾರೆಂಬ ಪತ್ತೇದಾರಿ ಶುರು. ಮೊದಲು ಮಕ್ಕಳಿಗೆ ಹೇಳಿ, ಆಮೇಲೆ ಪೋಷಕರಿಗೆ. ಬಹುತೇಕ ಮಕ್ಕಳು ತಂಬಾಕು ಮುಟ್ಟುವುದಿಲ್ಲ ಎಂಬ ಸಂಗತಿಯೇ ಮೇಲೆ ಬರಲಿ. ‘ಎಲ್ಲರೂ ಹಾಕ್ತಾರೆ’ ಎಂದು ನಂಬಿದ ಹುಡುಗನಿಗೆ ಅದು ಹೊಸ ವಿಷಯ. ಪೋಷಕರ ಸಭೆಯಲ್ಲಿ ಹೆಚ್ಚು ಮಾತಿಗೆ ಬರಬೇಕಾದದ್ದು ದೊಡ್ಡ ಅಂಕಿಗಳು. ನಿದ್ದೆ, ಬೆಳಗಿನ ತಿಂಡಿ ಬಿಡುವುದು, ಸ್ಕೂಟರ್, ನೀರಿಗಿಳಿಯುವುದು ಇವುಗಳ ಶೇಕಡಾವಾರು ತಂಬಾಕಿಗಿಂತ ಎಷ್ಟೋ ಪಟ್ಟು ಹೆಚ್ಚಿರುವ ಸಾಧ್ಯತೆಯೇ ಹೆಚ್ಚು. ಪೊಟ್ಟಣಗಳು ಎಲ್ಲಿಂದ ಬಂದವೆಂಬುದಕ್ಕೆ ಸಮೀಕ್ಷೆ ಬೇಕಾಗಿಯೇ ಇಲ್ಲ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ ನಿಷೇಧಿಸಿದೆ. ಟೇಪ್ ಹಿಡಿದು ಅಳೆದು ಗೂಡಂಗಡಿಯ ಬಗ್ಗೆ ಪಂಚಾಯಿತಿಗೂ ಪೊಲೀಸರಿಗೂ ಬರೆದು ಕೊಡಿ.

ಮುಂದಿನ ಸಲದ ಅಂಕಿಯ ಜೊತೆ ಹೋಲಿಸುವಾಗ ಎಚ್ಚರ. 140 ಹುಡುಗರಲ್ಲಿ ಈ ವರ್ಷ 4, ಮುಂದಿನ ಸಲ 8 ಬಂದರೆ ಶೇ. 2.9ರಿಂದ 5.7ಕ್ಕೆ ದುಪ್ಪಟ್ಟಾಯಿತೆಂದು ಗಾಬರಿಯಾಗುತ್ತದೆ. ಹತ್ತನೆಯವರು ಹೊರಹೋಗಿ ಎಂಟಕ್ಕೆ ಹೊಸಬರು ಬಂದಿರುವಾಗ ಇಷ್ಟು ಏರಿಳಿತ ಆಕಸ್ಮಿಕವಾಗಿಯೇ ಆಗಬಹುದು. ಒಂದೇ ಶಾಲೆಯಲ್ಲಿ ಅಪರೂಪದ ಅಭ್ಯಾಸದ ಏರಿಳಿತವನ್ನು ಹಿಡಿಯಲು ಆಗುವುದಿಲ್ಲ.

ಹಿಡಿಯಲೇಬೇಕೆಂದರೆ ಹಲವು ಶಾಲೆಗಳನ್ನು ಸೇರಿಸಿ ಶಿಕ್ಷಣ ವಲಯದ ಮಟ್ಟದಲ್ಲಿ ಮಾಡಬೇಕು. ಶೇ. 1.2ರ ಸುತ್ತಲಿನ ಪ್ರಮಾಣವನ್ನು ಒಂದು ಶೇಕಡಾ ಅಂಶದಷ್ಟು ಆಚೀಚೆ ಅಂದಾಜಿಸಲು, ಎಷ್ಟು ಜನರನ್ನು ಕೇಳಬೇಕೆಂಬ ಸಂಖ್ಯಾಶಾಸ್ತ್ರದ ಸೂತ್ರದಂತೆ 456 ಮಕ್ಕಳು, ಒಂದೇ ತರಗತಿಯ ಮಕ್ಕಳು ಒಬ್ಬರಂತೆ ಒಬ್ಬರಿರುವುದರಿಂದ ಅದರ ಎರಡು ಪಟ್ಟು, 912, ಶೇ. 15 ಮಂದಿ ಸಿಗದೆ ಹೋದರೂ ಸಾಲಬೇಕೆಂದರೆ ಸುಮಾರು 1,075. ಸೆಕ್ಷನ್ನಿಗೆ 45ರಂತೆ 24 ಸೆಕ್ಷನ್ ಆಯಿತು. ವಲಯದ ಪ್ರೌಢಶಾಲೆಗಳ ಪಟ್ಟಿಯಲ್ಲಿ ಮಕ್ಕಳ ಸಂಖ್ಯೆಯನ್ನು ಕೂಡಿಸುತ್ತ ಹೋಗಿ. ಒಟ್ಟು 9,600 ಎಂದಾದರೆ 24ರಿಂದ ಭಾಗಿಸಿ 400. ಒಂದರಿಂದ 400ರೊಳಗೆ ಚೀಟಿ ಎತ್ತಿದಾಗ 137 ಬಂತೆನ್ನಿ, 137, 537, 937ನೇ ಮಕ್ಕಳು ಯಾವ ಶಾಲೆಗೆ ಬೀಳುತ್ತಾರೋ ಆ ಶಾಲೆಗಳು ಆಯ್ಕೆ. ಪ್ರತಿ ಶಾಲೆಯಲ್ಲಿ ಒಂದು ಸೆಕ್ಷನ್ನನ್ನು ಚೀಟಿ ಎತ್ತಿಯೇ ಆರಿಸಿ. ‘ನಮ್ಮ ಎ ಸೆಕ್ಷನ್ ಮಾಡಿ ಸರ್, ಶಿಸ್ತಿನ ಮಕ್ಕಳು’ ಎನ್ನುವವರು ಸಿಕ್ಕೇ ಸಿಗುತ್ತಾರೆ.

ಕೆಲಸ ಮುಗಿದ ಮೇಲೆ ಖಾಲಿ ಪ್ರಶ್ನಾವಳಿ, ಓದಿ ಹೇಳಿದ ಸೂಚನೆ, ಎಕ್ಸೆಲ್ ಕಡತ ಇವನ್ನು ಉಳಿಸಿಕೊಳ್ಳಿ, ಮುಂದಿನ ಸಲ ಅದೇ ಪ್ರಶ್ನೆ ಅದೇ ಮಾತಿನಲ್ಲಿ ಬೇಕು. ತುಂಬಿದ ಕಾಗದಗಳು ವರದಿ ಆಗುವವರೆಗೆ ಮುಖ್ಯೋಪಾಧ್ಯಾಯರ ಬೀಗದ ಕಪಾಟಿನಲ್ಲಿರಲಿ, ಆಮೇಲೆ ಸುಟ್ಟುಬಿಡಿ ಅಥವಾ ಚೂರು ಮಾಡಿ. ಹಳೆಯ ಉತ್ತರಪತ್ರಿಕೆಗಳ ಜೊತೆ ಗುಜರಿಗೆ ಹಾಕಬೇಡಿ, ನೆಲಗಡಲೆಯ ಪೊಟ್ಟಣವಾಗಿ ಅದೇ ಗೂಡಂಗಡಿಗೆ ಬಂದೀತು.